ನಿಗೂಢದ ಬೆನ್ನು ಹತ್ತಿದ ಬದುಕು: ಪೂರ್ಣಚಂದ್ರ ತೇಜಸ್ವಿ ಮತ್ತು ಅವರ ಕಥಾಲೋಕದ ನಾಯಿ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆದವರು ರಹಸ್ಯ ಮತ್ತು ಕುತೂಹಲವನ್ನೇ ಬಂಡವಾಳವಾಗುಳ್ಳ ಕಾದಂಬರಿಗಳಿಗೆ ಬಹುಕಾಲ ಒಳಮನೆಯಲ್ಲಿ ಸ್ಥಳ ಕೊಡಲಿಲ್ಲ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು ಕನ್ನಡದಲ್ಲಿ ಓದುಗರ ದೊಡ್ಡ ಬಳಗವನ್ನೇ ಸೃಷ್ಟಿಸಿದರು. ಕನ್ನಡ ಚಳವಳಿಯ ಮುಂಚೂಣಿಯಲ್ಲಿದ್ದ ಮ. ರಾಮಮೂರ್ತಿಯವರೂ ಇದೇ ಪ್ರಕಾರದಲ್ಲಿ ವಿಪುಲವಾಗಿ ಕೃಷಿ ಮಾಡಿದರು. ಆದರೆ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಇವರ ಕೃತಿಗಳನ್ನು ಜನಪ್ರಿಯ ಎಂಬ ಒಂದೇ ಪದದಿಂದ ಹೊಸ್ತಿಲಾಚೆ ನಿಲ್ಲಿಸಿದವು. ಗಂಭೀರ ಸಾಹಿತ್ಯವೆಂದರೆ ಓದುಗನನ್ನು ಚಿಂತನೆಗೆ ಹಚ್ಚುವಂಥದು, ರಹಸ್ಯದ ಕಾದಂಬರಿಯೆಂದರೆ ಹೊತ್ತು ಕಳೆಯುವಂಥದು ಎಂಬ ವಿಭಜನೆಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡೆವು. ಈ ಗೋಡೆಯನ್ನು ವಾದದಿಂದಲ್ಲದೆ ಕೃತಿಗಳಿಂದಲೇ ಒಡೆದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು. ಅವರ ಕಾದಂಬರಿಗಳಲ್ಲಿ ಸಾವಿನ ತನಿಖೆಯಿದೆ, ಸಂಕೇತಲಿಪಿಯಂಥ ಒಗಟಿದೆ, ಬೆನ್ನಟ್ಟುವವರಿದ್ದಾರೆ, ತಪ್ಪಿಸಿಕೊಳ್ಳುವವರಿದ್ದಾರೆ. ಜೊತೆಗೆ ಒಂದು ನಾಯಿಯೂ ಇದೆ. ಆ ನಾಯಿಯ ಜಾಡು ಹಿಡಿದು ಅವರ ಬದುಕನ್ನೂ ಬರಹವನ್ನೂ ನೋಡುವ ಪ್ರಯತ್ನ ಪ್ರಸ್ತುತ ಲೇಖನದ್ದು.

1

ತೇಜಸ್ವಿಯವರು 1938ರ ಸೆಪ್ಟೆಂಬರ್ 8ರಂದು ಶಿವಮೊಗ್ಗದಲ್ಲಿ ಜನಿಸಿದರು. ತಂದೆ ಕುವೆಂಪು, ತಾಯಿ ಹೇಮಾವತಿ. ಬಾಲ್ಯ ಮತ್ತು ವಿದ್ಯಾಭ್ಯಾಸದ ಬಹುಭಾಗ ಕಳೆದದ್ದು ಮೈಸೂರಿನಲ್ಲಿ, ಉದಯರವಿ ಮನೆಯಲ್ಲಿ. ಮೈಸೂರು ನಗರವಾದರೂ ಆ ಮನೆಯೊಳಗಿನ ಮಾತುಕತೆಯಲ್ಲಿ ಮಲೆನಾಡು ಸದಾ ಜೀವಂತವಾಗಿತ್ತು. ತಂದೆಯ ಕಾವ್ಯದ ಎತ್ತರ, ಹೆಸರಿನ ಭಾರ ಮಗನ ಬೆನ್ನ ಮೇಲೆ ಬೀಳುವುದು ಸಹಜ. ತೇಜಸ್ವಿಯವರು ಅದನ್ನು ವಿರೋಧಿಸಲೂ ಇಲ್ಲ, ಹೊತ್ತು ಮೆರೆಯಲೂ ಇಲ್ಲ. ತಮ್ಮ ದಾರಿಯನ್ನು ಬೇರೆಯಾಗಿ ಕಂಡುಕೊಂಡರು. ಛಾಯಾಗ್ರಹಣ, ಸಿತಾರ್ ವಾದನ, ಚಿತ್ರಕಲೆ, ಮೀನು ಶಿಕಾರಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ಇವೆಲ್ಲವೂ ತರುಣ ತೇಜಸ್ವಿಯವರನ್ನು ಆವರಿಸಿದ್ದವು. ಈ ಆಸಕ್ತಿಗಳ ಹರವು ಕೆಲವರಿಗೆ ಚಂಚಲತೆಯಂತೆ ಕಂಡಿರಬಹುದು. ಆದರೆ ಇವೆಲ್ಲವುಗಳ ಹಿಂದೆ ಇದ್ದದ್ದು ಒಂದೇ ಸ್ವಭಾವ: ಯಾವುದನ್ನೂ ಇನ್ನೊಬ್ಬರ ಮಾತಿನಿಂದ ತಿಳಿಯದೆ ತಾನೇ ಹೋಗಿ ನೋಡಬೇಕೆಂಬ ಹಟ.

ಮೈಸೂರಿನಲ್ಲಿ ಕನ್ನಡ ಸ್ನಾತಕೋತ್ತರ ಪದವಿಯನ್ನು ಪಡೆದ ಮೇಲೆ ಅಂದಿನ ರೂಢಿಯಂತೆ ಅವರು ಅಧ್ಯಾಪಕ ವೃತ್ತಿಯನ್ನು ಹಿಡಿಯಬಹುದಾಗಿತ್ತು. ತಂದೆ ಕುಲಪತಿಗಳಾಗಿದ್ದ ವಿಶ್ವವಿದ್ಯಾನಿಲಯದ ಪದವೀಧರನಿಗೆ ಆ ದಾರಿ ಅಪರಿಚಿತವಾಗಿರಲಿಲ್ಲ. ಅವರು ಅದನ್ನು ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಹೋಗಿ ಕಾಫಿ ಕೃಷಿಕರಾದರು. 1966ರ ನವೆಂಬರ್ 27ರಂದು ರಾಜೇಶ್ವರಿಯವರೊಡನೆ ನಡೆದ ಅವರ ವಿವಾಹ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿಗೆ ಮೇಲ್ಪಂಕ್ತಿಯಾಯಿತು. ಪುರೋಹಿತರ ಮಧ್ಯಸ್ಥಿಕೆಯಿಲ್ಲದ, ಆಡಂಬರವಿಲ್ಲದ ಈ ಸರಳ ವಿವಾಹವನ್ನು ಮುಂದೆ ನಾಡಿನ ಅನೇಕ ತರುಣ ತರುಣಿಯರು ಅನುಸರಿಸಿದರು. ಮೂಡಿಗೆರೆ ಸೀಮೆಯ ಚಿತ್ರಕೂಟ ಎಂಬ ತೋಟದಲ್ಲಿ ಆರಂಭವಾದ ಅವರ ಸಂಸಾರ ಅನಂತರ ಮೂಡಿಗೆರೆಗೆ ಸಮೀಪದ ಹ್ಯಾಂಡ್‌ಪೋಸ್ಟ್ ಬಳಿಯ ನಿರುತ್ತರಕ್ಕೆ ಸ್ಥಳಾಂತರವಾಯಿತು. ಮನೆಗೆ ನಿರುತ್ತರ ಎಂದು ಹೆಸರಿಟ್ಟುಕೊಂಡ ಲೇಖಕನ ಕಾದಂಬರಿಗಳು ಉತ್ತರಗಳಿಗಿಂತ ಪ್ರಶ್ನೆಗಳನ್ನೇ ಹೆಚ್ಚು ಗೌರವಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಮೂಡಿಗೆರೆಯ ತೋಟಗಾರನ ಬದುಕಿನಲ್ಲಿ ನಾಯಿ ಅಲಂಕಾರದ ಪ್ರಾಣಿಯಲ್ಲ. ಮನೆಯಿಂದ ಮನೆಗೆ ಬಹುದೂರ. ತೋಟದ ಅಂಚಿನಲ್ಲೇ ಕಾಡು. ಮಳೆಗಾಲದ ರಾತ್ರಿಗಳಲ್ಲಿ ಹೊರಗೆ ಏನು ನಡೆಯುತ್ತಿದೆಯೆಂದು ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ, ಜಡಿಮಳೆಯ ಸದ್ದಿನಲ್ಲಿ ಕಿವಿಗೂ ಕೇಳುವುದಿಲ್ಲ. ಹಂದಿ ತೋಟಕ್ಕೆ ನುಗ್ಗಿದ್ದನ್ನು, ಅಪರಿಚಿತನೊಬ್ಬ ಬೇಲಿ ದಾಟಿದ್ದನ್ನು, ಹಾವೊಂದು ಸೌದೆಯ ಒಟ್ಟಿಲಿನಲ್ಲಿ ಸೇರಿಕೊಂಡದ್ದನ್ನು ಮೊದಲು ಅರಿಯುವುದು ನಾಯಿಯೇ. ಶಿಕಾರಿಯ ದಿನಗಳಲ್ಲಂತೂ ಬಂದೂಕಿಗಿಂತ ನಾಯಿಯೇ ಮುಖ್ಯ. ತೇಜಸ್ವಿಯವರ ಸಾಹಿತ್ಯದಲ್ಲಿ ನಾಯಿ ಕಾಣಿಸಿಕೊಳ್ಳುವುದು ಈ ಬದುಕಿನ ನಿಜದಿಂದಲೇ ಹೊರತು ಯಾವ ಸಾಹಿತ್ಯಕ ತತ್ವದಿಂದಲೂ ಅಲ್ಲ.

2

ಆದರೂ ಅವರಿಗೆ ಹಿಂದಿನದೊಂದು ಪರಂಪರೆ ಇತ್ತು ಎಂಬುದನ್ನು ಮರೆಯುವಂತಿಲ್ಲ. ಕಳೆದುಹೋದುದನ್ನು ಹುಡುಕುವ ಕಥೆಯಲ್ಲಿ ನಾಯಿಗೆ ಪಾತ್ರ ಕೊಟ್ಟದ್ದು ಹೊಸ ಕಾಲದವರಲ್ಲ. ಪಣಿಗಳು ಬಚ್ಚಿಟ್ಟ ಗೋವುಗಳ ಜಾಡನ್ನು ಹಿಡಿದು ಹೋದ ದೇವಶುನಿ ಸರಮೆಯ ಪ್ರಸಂಗ ಋಗ್ವೇದದಲ್ಲೇ ಇದೆ. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಬೆನ್ನು ಬಿಡದೆ ಹೋದ ನಾಯಿ ಯಾರೆಂಬುದು ಮಹಾಭಾರತ ಕೊನೆಯವರೆಗೆ ಕಾಯ್ದಿಟ್ಟ ರಹಸ್ಯ. ಕನ್ನಡ ನಾಡಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 949-50ರ ಆತಕೂರು ಶಾಸನ ತಕ್ಕೋಲದ ಕಾಳಗದ ವೃತ್ತಾಂತವನ್ನು ಹೇಳುವ ಮುಖ್ಯ ರಾಜಕೀಯ ದಾಖಲೆ. ಅದೇ ಕಲ್ಲು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೂ ಹೌದು. ಮಣಲೇರನೆಂಬ ವೀರ ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಲ್ಲಿ ಬೇರೇನನ್ನೂ ಬೇಡದೆ ಆ ನಾಯಿಯನ್ನು ಬೇಡಿ ಪಡೆದ, ಅದು ದೊಡ್ಡದೊಂದು ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಸಾಮ್ರಾಜ್ಯಗಳ ಕದನವೂ ನಾಯಿಯೊಂದರ ಕದನವೂ ಒಂದೇ ಕಲ್ಲಿನ ಮೇಲೆ ನಿಂತಿರುವುದು ನಮ್ಮ ಶಾಸನ ಪರಂಪರೆಯ ಔದಾರ್ಯವನ್ನು ತೋರಿಸುತ್ತದೆ.

ಹತ್ತಿರದ ಪರಂಪರೆ ತಂದೆಯದೇ. 1967ರಲ್ಲಿ ಪ್ರಕಟವಾದ ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ಒಂದು ಪೂರ್ಣ ಪಾತ್ರ. ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳಾದ ಗುತ್ತಿಗೆ ಸ್ವಂತದ್ದೆನ್ನುವುದು ಏನಾದರೂ ಇದ್ದರೆ ಅದು ಆ ನಾಯಿಯೇ. ಅವನು ತಿಮ್ಮಿಯೊಡನೆ ಬಿಡುಗಡೆಯನ್ನು ಅರಸಿ ಹೊರಟಾಗ ಕೊನೆಯಲ್ಲಿ ತುಂಗೆಯ ಪ್ರವಾಹ ಆ ನಾಯಿಯನ್ನು ಸೆಳೆದೊಯ್ಯುತ್ತದೆ. ಯಾವುದೂ ಮುಖ್ಯವಲ್ಲ, ಯಾವುದೂ ಅಮುಖ್ಯವಲ್ಲ ಎಂಬ ಆ ಕಾದಂಬರಿಯ ದರ್ಶನ ಹುಲಿಯನ ಸಾವಿನಲ್ಲಿ ಓದುಗನ ಎದೆಯನ್ನು ಮುಟ್ಟುವಷ್ಟು ಬೇರೆಲ್ಲೂ ಮುಟ್ಟುವುದಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಮಗನ ಕಾದಂಬರಿಯ ನಾಯಿ ಈ ಹುಲಿಯನ ವಂಶದ್ದು. ಆದರೆ ಅದರ ಕೆಲಸ ಬೇರೆ. ಹುಲಿಯ ಮನುಷ್ಯನ ದುಃಖದ ಪಾಲುದಾರ. ತೇಜಸ್ವಿಯವರ ನಾಯಿ ಮನುಷ್ಯನ ಹುಡುಕಾಟದ ಪಾಲುದಾರ.

ಪಾಶ್ಚಾತ್ಯ ರಹಸ್ಯ ಸಾಹಿತ್ಯದಲ್ಲಿ ನಾಯಿಯ ಸ್ಥಾನವನ್ನು ಇಲ್ಲಿ ಸ್ವಲ್ಪ ನೆನೆಯುವುದು ಉಚಿತ. ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ಸಿಲ್ವರ್ ಬ್ಲೇಜ್ ಕಥೆಯಲ್ಲಿ ಲಾಯದ ನಾಯಿ ರಾತ್ರಿ ಬೊಗಳಲಿಲ್ಲವೆಂಬುದೇ ಕಳ್ಳ ಪರಿಚಿತನೆಂಬುದಕ್ಕೆ ಆಧಾರವಾಗುತ್ತದೆ. 1901-02ರಲ್ಲಿ ಧಾರಾವಾಹಿಯಾಗಿ ಬಂದ ಬಾಸ್ಕರ್‌ವಿಲ್ಲರ ಬೇಟೆನಾಯಿಯ ಕಾದಂಬರಿಯಲ್ಲಿ ನಾಯಿಯೇ ಭಯದ ಮೂಲ. ಮೈಗೆ ರಂಜಕವನ್ನು ಬಳಿದು ಅದನ್ನು ಪಿಶಾಚಿಯಂತೆ ತೋರಿಸಿದ ಮನುಷ್ಯನ ಕುತಂತ್ರ ಕಡೆಗೆ ಬಯಲಾಗುತ್ತದೆ. ಎರಡು ಕಡೆಯೂ ನಾಯಿ ಒಗಟನ್ನು ಬಿಡಿಸುವ ಅಥವಾ ಬಿಗಿಯುವ ಸಾಧನ. ಒಗಟು ಮನುಷ್ಯನದು, ಉತ್ತರವೂ ಮನುಷ್ಯನದೇ. ಪತ್ತೇದಾರ ತನ್ನ ತರ್ಕದಿಂದ ಬಾಗಿಲನ್ನು ಮುಚ್ಚಿದ ಕೂಡಲೇ ನಾಯಿಯ ಕೆಲಸ ಮುಗಿಯುತ್ತದೆ. ತೇಜಸ್ವಿಯವರಲ್ಲಿ ಹೀಗಾಗುವುದಿಲ್ಲ. ಈ ವ್ಯತ್ಯಾಸವೇ ಅವರ ಸಾಧನೆಯನ್ನು ಅಳೆಯಲು ನಮಗೆ ಸಿಗುವ ಒಂದು ಅಳತೆಗೋಲು.

3

ತೇಜಸ್ವಿಯವರು ಬರೆಯಲಾರಂಭಿಸಿದ್ದು ಕವಿಯಾಗಿ. ಸೋಮುವಿನ ಸ್ವಗತ ಲಹರಿ ಅವರ ಕವನ ಸಂಕಲನ. ಲಿಂಗ ಬಂದ ಎಂಬ ಕಥೆ ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಬಹುಮಾನವನ್ನು ಪಡೆದು ಅವರಿಗೆ ಕಥೆಗಾರನ ಹೆಸರನ್ನು ತಂದಿತು. ಸ್ವರೂಪ, ನಿಗೂಢ ಮನುಷ್ಯರು ಮೊದಲಾದ ಆರಂಭದ ಕೃತಿಗಳಲ್ಲಿ ನವ್ಯದ ಅಂತರ್ಮುಖತೆ ಸ್ಪಷ್ಟವಾಗಿದೆ. ನಿಗೂಢ ಎಂಬ ಮಾತು ಆಗಲೇ ಅವರಿಗೆ ಪ್ರಿಯವಾಗಿತ್ತು. ಆದರೆ ಆ ನಿಗೂಢ ಇನ್ನೂ ಮನುಷ್ಯನ ಮನಸ್ಸಿನೊಳಗಿನದು. 1973ರಲ್ಲಿ ಅಬಚೂರಿನ ಪೋಸ್ಟಾಫೀಸು ಕಥಾಸಂಕಲನ ಬಂದಾಗ ಅದರ ಮುನ್ನುಡಿಯಲ್ಲಿ ಅವರು ನವ್ಯದ ದಾರಿಯಿಂದ ಹೊರಬಂದುದನ್ನು ಪ್ರಕಟವಾಗಿ ಘೋಷಿಸಿದರು. ಲೋಹಿಯಾರ ಚಿಂತನೆ, ಕುವೆಂಪು ಅವರ ಸೃಷ್ಟಿ, ಕಾರಂತರ ಪ್ರಯೋಗಶೀಲ ಜೀವನ ಈ ಮೂರನ್ನು ಅವರು ತಮ್ಮ ಮುಂದಿನ ದಾರಿಗೆ ಬೆಳಕಾಗಿ ಸ್ವೀಕರಿಸಿದರು. ಸಮಾಜವಾದಿ ಚಳವಳಿ, 1974ರ ಬರಹಗಾರರ ಮತ್ತು ಕಲಾವಿದರ ಒಕ್ಕೂಟ, ಅನಂತರದ ರೈತ ಚಳವಳಿ ಇವುಗಳೊಡನೆ ಅವರ ಒಡನಾಟ ಇದೇ ಕಾಲದ್ದು.

ಆ ಸಂಕಲನದ ಕಥೆಗಳಲ್ಲಿ ಕುಬಿ ಮತ್ತು ಇಯಾಲ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಹಳ್ಳಿಯೊಂದಕ್ಕೆ ಬಂದ ವೈದ್ಯ ಕುಬಿ ಇಯಾಲ ಎಂಬ ಹುಡುಗಿಯ ಸಾವಿನ ಕಾರಣವನ್ನು ಹುಡುಕಲು ಹೊರಡುತ್ತಾನೆ. ಕಥೆಯ ಚೌಕಟ್ಟು ಪತ್ತೇದಾರಿಯದು. ಆದರೆ ಕುಬಿ ಮುಂದುವರಿದಷ್ಟೂ ಒಬ್ಬ ಅಪರಾಧಿಯ ಬದಲು ಇಡೀ ಊರಿನ ಮೌಢ್ಯ, ಸ್ವಾರ್ಥ, ಭಯ ಎದುರಾಗುತ್ತವೆ. ರಹಸ್ಯದ ಕಥನತಂತ್ರವನ್ನು ಸಮಾಜ ಪರೀಕ್ಷೆಗೆ ಒಗ್ಗಿಸಬಹುದೆಂಬುದನ್ನು ತೇಜಸ್ವಿ ಇಲ್ಲಿ ಕಂಡುಕೊಂಡರು. 1992ರಲ್ಲಿ ಸದಾನಂದ ಸುವರ್ಣರು ಇದನ್ನು ಚಲನಚಿತ್ರವಾಗಿಸಿದರು.

4

1980ರಲ್ಲಿ ಪ್ರಕಟವಾದ ಕರ್ವಾಲೊ ತೇಜಸ್ವಿಯವರ ಹೆಸರನ್ನು ಮನೆಮಾತಾಗಿಸಿತು. ಜೇನುತುಪ್ಪ ಕೊಳ್ಳಲು ಮೂಡಿಗೆರೆಯ ಜೇನು ಸೊಸೈಟಿಗೆ ಹೋಗುವ ಕೃಷಿಕ ನಿರೂಪಕನಿಂದ ಕಾದಂಬರಿ ಆರಂಭವಾಗುತ್ತದೆ. ಇಷ್ಟು ಸಾಮಾನ್ಯವಾದ ಒಂದು ಕೆಲಸದಿಂದ ಹೊರಟ ಕಥೆ ಹಾರುವ ಓತಿಯೆಂಬ ಅಪೂರ್ವ ಜೀವಿಯ ಹುಡುಕಾಟವಾಗಿ ಬೆಳೆಯುತ್ತದೆ. ವಿಜ್ಞಾನಿ ಕರ್ವಾಲೊ, ಊರವರ ಕಣ್ಣಿಗೆ ನಿಷ್ಪ್ರಯೋಜಕನಾದರೂ ಕಾಡನ್ನು ಕರತಲಾಮಲಕವಾಗಿ ಬಲ್ಲ ಮಂದಣ್ಣ, ಛಾಯಾಗ್ರಾಹಕ ಪ್ರಭಾಕರ, ಮರ ಹತ್ತುವುದರಲ್ಲೂ ಅಡುಗೆಯಲ್ಲೂ ನಿಪುಣನಾದ ಬಿರಿಯಾನಿ ಕರಿಯಪ್ಪ, ನಿರೂಪಕ, ಮತ್ತು ನಿರೂಪಕನ ನಾಯಿ ಕಿವಿ. ಪಶ್ಚಿಮ ಘಟ್ಟದ ದಟ್ಟ ಕಾಡಿನೊಳಗೆ ಹೋಗುವ ಈ ತಂಡದಲ್ಲಿ ನಾಯಿಯೂ ಒಬ್ಬ ಸದಸ್ಯ.

ಕಿವಿ ಸ್ಪ್ಯಾನಿಯಲ್ ತಳಿಯ ನಾಯಿ. ಪೊದೆಗಳಲ್ಲಿ ಅಡಗಿದ ಹಕ್ಕಿಗಳನ್ನು ಎಬ್ಬಿಸುವುದಕ್ಕೂ ಬಿದ್ದ ಬೇಟೆಯನ್ನು ಹುಡುಕಿ ತರುವುದಕ್ಕೂ ಹೆಸರಾದ ತಳಿ ಅದು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50 ಲಕ್ಷವಾದರೆ ಇಂಥ ನಾಯಿಗಳಲ್ಲಿ ಅವುಗಳ ಸಂಖ್ಯೆ 20 ಕೋಟಿಯ ಆಸುಪಾಸಿನದು. ನಾವು ಕಾಡನ್ನು ನೋಡುತ್ತೇವೆ. ನಾಯಿ ಕಾಡನ್ನು ಓದುತ್ತದೆ. ಒಂದು ಗಂಟೆಯ ಹಿಂದೆ ಯಾವ ಪ್ರಾಣಿ ಹೋಯಿತು, ಯಾವ ಕಡೆಗೆ ಹೋಯಿತು ಎಂಬ ವೃತ್ತಾಂತವೆಲ್ಲ ಅದಕ್ಕೆ ನೆಲದ ಮೇಲೆ ಬರೆದಿಟ್ಟಂತೆ. ಈ ಕಾದಂಬರಿಯಲ್ಲಿ ಜ್ಞಾನಕ್ಕೆ ಮೂರು ಬಗೆಗಳಿವೆ. ಕರ್ವಾಲೊ ಅವರದು ಗ್ರಂಥ ಮತ್ತು ಪ್ರಯೋಗದ ಜ್ಞಾನ. ಮಂದಣ್ಣನದು ಹುಟ್ಟಿನಿಂದ ಕಾಡಿನಲ್ಲಿ ಬೆಳೆದವನ ಅನುಭವ ಜ್ಞಾನ. ಕಿವಿಯದು ಭಾಷೆಯೇ ಇಲ್ಲದ, ಇಂದ್ರಿಯಕ್ಕೆ ನೇರವಾಗಿ ಒದಗುವ ಅರಿವು. ವಿಜ್ಞಾನಿ ಮಂದಣ್ಣನನ್ನು ಶಿಷ್ಯನೆಂದು ಸ್ವೀಕರಿಸುವಾಗ ಜ್ಞಾನದ ಶ್ರೇಣೀಕರಣವೊಂದು ಮುರಿಯುತ್ತದೆ ಎಂಬುದನ್ನು ನಮ್ಮ ವಿಮರ್ಶೆ ಗುರುತಿಸಿದೆ. ಆದರೆ ಆ ಶ್ರೇಣಿಯ ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಕುಳಿತ ಜೀವಿಗೂ ತೇಜಸ್ವಿ ಸಮಾನ ಸ್ಥಾನವನ್ನು ಕೊಟ್ಟದ್ದನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಈ ಅಲಕ್ಷ್ಯದಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕರ್ವಾಲೊ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಹೇಳಿದ ಮೊದಲ ವರ್ಷಗಳಲ್ಲಿ ನಾನು ಕಿವಿಯನ್ನು ಒಂದು ಪ್ರತಿಮೆಯೆಂದು ವಿವರಿಸುತ್ತಿದ್ದೆ. ನಾವು ನವ್ಯ ವಿಮರ್ಶೆಯ ಪಾಠಗಳನ್ನು ಓದಿ ಬೆಳೆದವರು. ಕೃತಿಯಲ್ಲಿ ಕಂಡದ್ದೆಲ್ಲವೂ ಇನ್ನೊಂದಕ್ಕೆ ಸಂಕೇತವಾಗಿರಬೇಕೆಂಬ ನಂಬಿಕೆ ನಮ್ಮದು. ಒಮ್ಮೆ ಘಟ್ಟದ ಸೀಮೆಯಿಂದ ಬಂದ ವಿದ್ಯಾರ್ಥಿಯೊಬ್ಬ ತನ್ನ ಮನೆಯಲ್ಲಿಯೂ ಅಂಥದೇ ನಾಯಿಯಿದೆಯೆಂದೂ, ಕಿವಿ ಕಾದಂಬರಿಯಲ್ಲಿ ಮಾಡುವುದೆಲ್ಲ ನಾಯಿ ಮಾಡುವ ಕೆಲಸವೇ ಆಗಿದೆಯೆಂದೂ, ಅದು ಬೇರೇನನ್ನೋ ಸೂಚಿಸಬೇಕಾದ ಅಗತ್ಯವೇನೆಂದೂ ಸಂಕೋಚದಿಂದ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಕಾದಂಬರಿಯನ್ನು ಮತ್ತೆ ಓದಿದಾಗ ಆ ಹುಡುಗನೇ ಸರಿ ಎನ್ನಿಸಿತು. ನಾಯಿಯನ್ನು ನಾಯಿಯಾಗಿಯೇ ಉಳಿಸಿಕೊಂಡು ಅದಕ್ಕೆ ಪಾತ್ರದ ಘನತೆಯನ್ನು ಕೊಡುವುದು ಪ್ರತಿಮೆಯಾಗಿಸುವುದಕ್ಕಿಂತ ಕಷ್ಟದ ಕೆಲಸ. ತೇಜಸ್ವಿ ಅದನ್ನು ಮಾಡಿದ್ದರು. ನಾನು ಪಾಠದಲ್ಲಿ ಅದನ್ನು ಅಳಿಸುತ್ತಿದ್ದೆ.

ಕಾದಂಬರಿಯ ಅಂತ್ಯವನ್ನು ಈ ಬೆಳಕಿನಲ್ಲಿ ನೋಡಬೇಕು. ಇನ್ನೇನು ಕೈಗೆ ಸಿಕ್ಕಿತೆನ್ನುವ ಹಂತದಲ್ಲಿ ಹಾರುವ ಓತಿ ಪ್ರಪಾತದ ಕಡೆಗೆ ತೇಲಿ ಮರೆಯಾಗುತ್ತದೆ. ಪತ್ತೇದಾರಿ ಕಾದಂಬರಿಯ ನಿಯಮದಂತೆ ಇದು ಸೋಲು. ಹುಡುಕಿದ್ದು ಸಿಗಲಿಲ್ಲ, ಪ್ರಕರಣ ಮುಗಿಯಲಿಲ್ಲ. ಆದರೆ ಓದುಗನಿಗೆ ವಂಚನೆಯಾದ ಭಾವ ಬರುವುದಿಲ್ಲ; ಬದಲಾಗಿ ವಿಶ್ವದ ಕಾಲ ಮತ್ತು ವಿಸ್ತಾರಗಳ ಎದುರಿಗೆ ನಿಂತ ಬೆರಗು ಉಳಿಯುತ್ತದೆ. ಪಶ್ಚಿಮ ಘಟ್ಟಗಳಲ್ಲಿ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುವ ಓತಿ ನಿಜವಾಗಿಯೂ ಇದೆ. ಆ ನಿಜ ಜೀವಿಯನ್ನು ತೇಜಸ್ವಿ ಜೀವವಿಕಾಸದ ಅನಾದಿ ರಹಸ್ಯಕ್ಕೆ ಬಾಗಿಲಾಗಿಸಿದರು. ಕಾನನ್ ಡಾಯ್ಲ್‌ನ ನಾಯಿ ಬಾಗಿಲನ್ನು ಮುಚ್ಚಲು ನೆರವಾದರೆ, ತೇಜಸ್ವಿಯವರ ನಾಯಿ ಬಾಗಿಲು ತೆರೆದೇ ಇರಲೆಂದು ಹೊಸ್ತಿಲಲ್ಲಿ ಕುಳಿತಿದೆ.

5

1985ರ ಚಿದಂಬರ ರಹಸ್ಯ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಕೆಸರೂರು ಎಂಬ ಮಲೆನಾಡಿನ ಊರಿನಲ್ಲಿ ಏಲಕ್ಕಿ ಬೆಳೆ ಕ್ಷೀಣಿಸುತ್ತಿದೆ. ಏಲಕ್ಕಿಯ ಸಂಶೋಧಕ ಜೋಗಿಹಾಳ ಅನುಮಾನಾಸ್ಪದವಾಗಿ ಸತ್ತಿದ್ದಾನೆ. ಗುಪ್ತಚರ ಇಲಾಖೆಯ ಶಾಮನಂದನ ಅಂಗಡಿ ತನಿಖೆಗೆ ಬರುತ್ತಾನೆ. ಕೃಷ್ಣೇಗೌಡನ ಮನೆಯ ಮೇಲೆ ಯಾರೆಂದು ತಿಳಿಯದಂತೆ ಕಲ್ಲುಗಳು ಬೀಳುತ್ತವೆ. ರಫಿ ಮತ್ತು ಜಯಂತಿಯರ ಪ್ರೇಮ ಊರಿನ ಮತೀಯ ದ್ವೇಷಕ್ಕೆ ಸಿಲುಕುತ್ತದೆ. ತನಿಖೆ ನಡೆಯುತ್ತಿರುವಂತೆಯೇ ಊರು ತನ್ನ ವಿನಾಶವನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಕಡೆಗೆ ಬೆಂಕಿ ಎಲ್ಲವನ್ನೂ ಆವರಿಸುತ್ತದೆ. ಕೊಲೆಗಾರ ಯಾರೆಂಬ ಪ್ರಶ್ನೆ ಆ ಬೆಂಕಿಯ ಮುಂದೆ ಚಿಕ್ಕದಾಗುತ್ತದೆ. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೆಸರಿನಲ್ಲಿಯೇ ರಹಸ್ಯವೆಂಬ ಪದವನ್ನು ಹೊತ್ತ, ರಹಸ್ಯದ ತಂತ್ರದಿಂದಲೇ ಕಟ್ಟಿದ ಕನ್ನಡ ಕಾದಂಬರಿಯೊಂದು ದೇಶದ ಉನ್ನತ ಸಾಹಿತ್ಯ ಮನ್ನಣೆಯನ್ನು ಪಡೆದದ್ದು ಸಣ್ಣ ಸಂಗತಿಯಲ್ಲ. ನಾವು ಹೊಸ್ತಿಲಾಚೆ ನಿಲ್ಲಿಸಿದ್ದ ಪ್ರಕಾರ ಅಂದು ಮುಂಬಾಗಿಲಿನಿಂದಲೇ ಒಳಗೆ ಬಂದಿತು.

1991ರಲ್ಲಿ ಬಂದ ಪರಿಸರದ ಕಥೆ ಕಾದಂಬರಿಯಲ್ಲ. ಚಿತ್ರಕೂಟದ ತೋಟದ ಬದುಕಿನ ಅನುಭವ ಕಥನಗಳ ಸಂಕಲನ ಅದು. ಕಾದಂಬರಿಯ ಕಿವಿ ಇಲ್ಲಿ ಲೇಖಕನ ಮನೆಯ ನಾಯಿಯಾಗಿ, ಕಲ್ಪನೆಯ ಹಂಗಿಲ್ಲದೆ ಓಡಾಡುತ್ತದೆ. ಅದರೊಡನೆ ಕಾಡು ಸುತ್ತಿದ ಅನುಭವವನ್ನೇ ವಸ್ತುವಾಗಿಸಿದ ಬರಹವೂ ಇಲ್ಲಿದೆ. ಈ ಪುಸ್ತಕವನ್ನು ಓದಿದ ಮೇಲೆ ಕರ್ವಾಲೊ ಕಾದಂಬರಿಗೆ ಹಿಂದಿರುಗಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ತೇಜಸ್ವಿಯವರಿಗೆ ಕಥೆ ಮತ್ತು ಅನುಭವಗಳ ನಡುವೆ ಬೇಲಿಯಿರಲಿಲ್ಲ. ನಾಯಿ ಹೇಗೆ ಮನೆಯ ಅಂಗಳದಿಂದ ಕಾಡಿಗೂ ಕಾಡಿನಿಂದ ಅಂಗಳಕ್ಕೂ ಬೇಲಿ ನುಸುಳಿ ಓಡಾಡುತ್ತದೆಯೋ ಹಾಗೆಯೇ ಅವರ ಗದ್ಯವೂ ಈ ಎರಡರ ನಡುವೆ ಓಡಾಡಿತು.

ಇದೇ ಕಾಲದಲ್ಲಿ ಅವರು ಶಿಕಾರಿ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ನನ ಅನುಭವಗಳು ಕಾಡಿನ ಕಥೆಗಳು ಎಂಬ ಹೆಸರಿನಲ್ಲಿ ಬಂದವು. ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ನರಭಕ್ಷಕನ ಕಥೆಯೂ ಕನ್ನಡದ ಕಥೆಯೇ ಎಂಬಂತೆ ಬಂದಿತು. 1926ರಲ್ಲಿ ಕಾರ್ಬೆಟ್ ಕೊಂದ ಆ ಚಿರತೆ ಎಂಟು ವರ್ಷಗಳ ಅವಧಿಯಲ್ಲಿ 125 ಜನರನ್ನು ಬಲಿ ತೆಗೆದುಕೊಂಡಿದ್ದಿತು. ಕಾರ್ಬೆಟ್ಟನ ಒಡನಾಡಿ ರಾಬಿನ್ ಕೂಡ ಸ್ಪ್ಯಾನಿಯಲ್ ನಾಯಿಯೇ ಎಂಬುದನ್ನು ಇಲ್ಲಿ ನೆನೆಯಬಹುದು. ನರಭಕ್ಷಕನ ಶಿಕಾರಿಯ ಕಥೆ ರಚನೆಯಲ್ಲಿ ಪತ್ತೇದಾರಿ ಕಥೆಯೇ ಸರಿ: ಸಾವುಗಳಿವೆ, ಕುರುಹುಗಳಿವೆ, ಅಡಗಿರುವ ಕೊಲೆಗಾರನಿದ್ದಾನೆ. ಆದರೆ ಇಲ್ಲಿ ಹುಡುಕುವವನು ಕೋಣೆಯಲ್ಲಿ ಕುಳಿತು ತರ್ಕಿಸುವಂತಿಲ್ಲ. ನೆಲಕ್ಕೆ ಬಗ್ಗಿ ಹೆಜ್ಜೆಗುರುತನ್ನು ನೋಡಬೇಕು, ಗಾಳಿಯ ದಿಕ್ಕನ್ನು ಅರಿಯಬೇಕು, ಕಾಯಬೇಕು. ಅಂದರೆ ನಾಯಿಯಿಂದ ಕಲಿಯಬೇಕು. ತೇಜಸ್ವಿಯವರು ತಾವೇ ಕ್ರಮೇಣ ಬಂದೂಕಿನ ಜಾಗದಲ್ಲಿ ಕ್ಯಾಮೆರಾವನ್ನು ಹಿಡಿದು ಹಕ್ಕಿಗಳ ಬೆನ್ನು ಹತ್ತಿದರು. ಸಾಧನ ಬದಲಾಯಿತು, ಕಾಯುವ ತಾಳ್ಮೆ, ಜಾಡು ಹಿಡಿಯುವ ಶ್ರದ್ಧೆ ಬದಲಾಗಲಿಲ್ಲ. ಹಕ್ಕಿಪುಕ್ಕ ಆ ಶ್ರದ್ಧೆಯ ಫಲ.

1994ರಲ್ಲಿ ಜುಗಾರಿ ಕ್ರಾಸ್ ಪ್ರಕಟವಾದಾಗ ನಾನು ಎಂ.ಎ. ವಿದ್ಯಾರ್ಥಿ. ವಸತಿನಿಲಯದಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ದಾಟುತ್ತಿದ್ದುದು, ಮುಗಿಸಿದವರು ಕಥೆಯನ್ನು ಬಾಯಿಬಿಡದಂತೆ ಉಳಿದವರು ತಾಕೀತು ಮಾಡುತ್ತಿದ್ದುದು ನೆನಪಿದೆ. ಏಲಕ್ಕಿ ಬೆಳೆದ ಸುರೇಶ ಮತ್ತು ಗೌರಿ ದಂಪತಿಗಳು ಅದನ್ನು ಮಾರಲು ಹೊರಟು ಕಳ್ಳವ್ಯಾಪಾರದ ಜಾಲವೊಂದರಲ್ಲಿ ಸಿಲುಕುವುದು, ಕಾಡು, ರೈಲು, ಹಳೆಯ ಕಾವ್ಯದೊಳಗೆ ಅಡಗಿದ ಒಗಟು, ಕೆಂಪು ಕಲ್ಲುಗಳು ಇವೆಲ್ಲ ಸೇರಿ ಕನ್ನಡದಲ್ಲಿ ಅಪರೂಪವಾದ ವೇಗದ ಕಥನವೊಂದು ಸಿದ್ಧವಾಯಿತು. ಹಳಗನ್ನಡ ಪಠ್ಯವನ್ನು ಸಂಪಾದಿಸುವ ವಿದ್ವಾಂಸನ ಶ್ರಮ ಮತ್ತು ನಿಧಿ ಹುಡುಕುವವನ ಆತುರ ಒಂದೇ ಎಳೆಯಲ್ಲಿ ಹೆಣೆದುಕೊಂಡಿರುವುದು ಕನ್ನಡ ವಿಭಾಗದವರಾದ ನಮಗೆ ವಿಶೇಷವಾಗಿ ಆಸಕ್ತಿದಾಯಕ. ಕಾದಂಬರಿಯ ಹಿನ್ನೆಲೆಯಲ್ಲಿ ಕಡಿಯಲ್ಪಡುತ್ತಿರುವ ಕಾಡು, ಕೈತಪ್ಪಿ ಹೋಗುತ್ತಿರುವ ಕೃಷಿಕನ ಬದುಕು ಇವೆ. ಓದುಗನ ಕುತೂಹಲವನ್ನು ಒಂದು ಕ್ಷಣವೂ ಸಡಿಲಿಸದೆ ಇಷ್ಟನ್ನು ಹೇಳಬಹುದೆಂಬುದು ಅಂದಿನ ವಿಮರ್ಶೆಗೆ ಸುಲಭವಾಗಿ ಜೀರ್ಣವಾಗಲಿಲ್ಲ. ಇದು ಗಂಭೀರ ಕೃತಿಯೇ ಎಂಬ ಚರ್ಚೆ ನಮ್ಮ ತರಗತಿಗಳಲ್ಲಿಯೂ ನಡೆಯಿತು. ಚರ್ಚೆ ಮಾಡುತ್ತಿದ್ದವರೆಲ್ಲರೂ ಅದನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದರೆಂಬುದು ಮಾತ್ರ ನಿಜ.

6

ಅದೇ ವರ್ಷದ ನವೆಂಬರಿನಲ್ಲಿ ಕುವೆಂಪು ನಿಧನರಾದರು. 1996ರ ಅಣ್ಣನ ನೆನಪು ತಂದೆಯನ್ನು ಪೀಠದಿಂದ ಇಳಿಸಿ ಮನೆಯ ಅಂಗಳದಲ್ಲಿ ತೋರಿಸಿದ ಕೃತಿ. ತರುವಾಯ ಮಿಲೆನಿಯಂ ಸರಣಿಯ ಮೂಲಕ ಜಗತ್ತಿನ ಸಾಹಸ, ಯುದ್ಧ, ಅನ್ವೇಷಣೆ, ವಿಸ್ಮಯಗಳ ವೃತ್ತಾಂತಗಳನ್ನು ಸಣ್ಣ ಪುಸ್ತಕಗಳಾಗಿ ಕನ್ನಡದ ಎಳೆಯ ಓದುಗರಿಗೆ ತಲುಪಿಸಿದರು. ಕಂಪ್ಯೂಟರಿನಲ್ಲಿ ಕನ್ನಡದ ಬಳಕೆ ಸುಗಮವಾಗಬೇಕೆಂದು ಅವರು ಪಟ್ಟ ಶ್ರಮ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹೊರಬಂದ ಕುವೆಂಪು ತಂತ್ರಾಂಶಕ್ಕೆ ಅವರು ಕೊಟ್ಟ ಬೆಂಬಲ ಇವು ಸಾಹಿತಿಯೊಬ್ಬ ತನ್ನ ಭಾಷೆಗೆ ಸಲ್ಲಿಸಬಹುದಾದ ಸೇವೆಯ ವ್ಯಾಪ್ತಿಯನ್ನೇ ಹಿಗ್ಗಿಸಿದವು. 2001ರ ಪಂಪ ಪ್ರಶಸ್ತಿ ಸೇರಿದಂತೆ ಹಲವು ಗೌರವಗಳು ಬಂದವು. ಅವರು ಸಭೆ ಸಮಾರಂಭಗಳಿಂದ ದೂರವೇ ಉಳಿದರು. 2007ರ ಏಪ್ರಿಲ್ 5ರಂದು ನಿರುತ್ತರದ ಮನೆಯಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 68 ವರ್ಷ. ರಾಜೇಶ್ವರಿಯವರು ಅನಂತರ ಬರೆದ ನನ್ನ ತೇಜಸ್ವಿ ಆ ಬದುಕಿನ ಒಳಮುಖವನ್ನು ನಮಗೆ ಕಾಣಿಸಿದ ಗ್ರಂಥ. ಅವರೂ 2021ರಲ್ಲಿ ತೀರಿಕೊಂಡರು.

ತೇಜಸ್ವಿಯವರು ತೀರಿಕೊಂಡು ಎರಡು ದಶಕಗಳು ಸಮೀಪಿಸುತ್ತಿದ್ದರೂ ಅವರ ಪುಸ್ತಕಗಳು ಮರುಮುದ್ರಣಗೊಳ್ಳುತ್ತಲೇ ಇವೆ. ಕನ್ನಡವನ್ನು ಪಠ್ಯವಾಗಿ ಓದದ ತರುಣರೂ ಅವರನ್ನು ಓದುತ್ತಾರೆ. ಅವರ ಜನಪ್ರಿಯತೆಗೆ ಕಾರಣವೇನೆಂದು ಕೇಳಿದರೆ ಪರಿಸರ, ಹಾಸ್ಯ, ಸರಳ ಭಾಷೆ ಎಂದು ನಾವು ಪಟ್ಟಿ ಮಾಡುತ್ತೇವೆ. ಇವೆಲ್ಲಕ್ಕೂ ಮೂಲವಾದದ್ದು ಮುಂದೇನೆಂಬ ಕುತೂಹಲವನ್ನು ಅವರು ಗೌರವಿಸಿದ ರೀತಿ. ಕುತೂಹಲ ಅವರಿಗೆ ಓದುಗನನ್ನು ಸೆಳೆಯುವ ಉಪಾಯವಾಗಿರಲಿಲ್ಲ. ಜಗತ್ತನ್ನು ಅರಿಯುವ ಮೊದಲ ಹೆಜ್ಜೆಯಾಗಿತ್ತು. ಅಪರಾಧಿ ಸಿಕ್ಕ ಕೂಡಲೇ ಮುಗಿದುಹೋಗುವ ಕುತೂಹಲ ಒಂದು ಬಗೆಯದು. ಸಿಗದೆ ಹೋದರೂ ಹುಡುಕಾಟವನ್ನೇ ಸಾರ್ಥಕವೆನ್ನಿಸುವ ಕುತೂಹಲ ಇನ್ನೊಂದು ಬಗೆಯದು. ಕನ್ನಡದ ರಹಸ್ಯ ಕಾದಂಬರಿಯನ್ನು ಮೊದಲನೆಯದರಿಂದ ಎರಡನೆಯದಕ್ಕೆ ಕೊಂಡೊಯ್ದದ್ದು ತೇಜಸ್ವಿಯವರ ಸಾಧನೆ.

ಈ ಸಂಪುಟವನ್ನು ಓದುವ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಕನ್ನಡದ ಪತ್ತೇದಾರಿ ಮತ್ತು ರಹಸ್ಯ ಕಾದಂಬರಿಗಳ ಸಮಗ್ರ ಅಧ್ಯಯನ ನಮ್ಮ ವಿಭಾಗಗಳಲ್ಲಿ ಆಗಬೇಕಾದಷ್ಟು ಆಗಿಲ್ಲ. ಹಳೆಯ ಪುಸ್ತಕದಂಗಡಿಗಳಲ್ಲಿ, ಸಂಚಾರಿ ಗ್ರಂಥಾಲಯಗಳ ಅಳಿದುಳಿದ ಕಪಾಟುಗಳಲ್ಲಿ ಆ ಕೃತಿಗಳು ಹಾಳೆ ಹಾಳೆಯಾಗಿ ಉದುರುತ್ತಿವೆ. ಅವು ಪೂರ್ತಿ ನಶಿಸುವ ಮೊದಲು ಯಾರಾದರೂ ಅವುಗಳ ಜಾಡು ಹಿಡಿಯಬೇಕು. ನರಸಿಂಹಯ್ಯನವರಿಂದ ತೇಜಸ್ವಿಯವರವರೆಗಿನ ದಾರಿಯನ್ನು ಒಂದೇ ದಾರಿಯಾಗಿ ಕಂಡಾಗ ಮಾತ್ರ ನಮ್ಮ ಕಾದಂಬರಿಯ ಚರಿತ್ರೆ ಪೂರ್ಣವಾದೀತು. ಆ ಕೆಲಸಕ್ಕೆ ಹೊರಡುವವರು ಕರ್ವಾಲೊ ಕಾದಂಬರಿಯನ್ನು ಇನ್ನೊಮ್ಮೆ ಓದಲಿ. ಈ ಬಾರಿ ವಿಜ್ಞಾನಿಯನ್ನೂ ಮಂದಣ್ಣನನ್ನೂ ಗಮನಿಸಿದಷ್ಟೇ ಕಿವಿಯನ್ನೂ ಗಮನಿಸಲಿ.